ಶೇಕಡಾ ಎಂದು ಬರೆಯುವ ಮುನ್ನ

ಕುಡಿತ, ತಂಬಾಕು, ಗಾಂಜಾ ಮುಂತಾದವುಗಳ ಬಳಕೆಯ ಮೇಲೆ ಪ್ರಬಂಧ ಬರೆಯುತ್ತಿರುವ ಮನಃಶಾಸ್ತ್ರ, ಸಮಾಜಕಾರ್ಯ, ನರ್ಸಿಂಗ್ ಮತ್ತು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ,

ಪ್ರಬಂಧ ಸಲ್ಲಿಸುವ ತಿಂಗಳು ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಿಮ್ಮ ಗೂಗಲ್ ಫಾರ್ಮುಗಳು ಓಡಾಡತೊಡಗುತ್ತವೆ. ‘ಐದೇ ನಿಮಿಷ, ದಯವಿಟ್ಟು ತುಂಬಿ, ನಿಮ್ಮ ಗೆಳೆಯರಿಗೂ ಕಳಿಸಿ’ ಎಂಬ ಒಕ್ಕಣೆ, ಕೆಳಗೊಂದು ಲಿಂಕು. ನನಗೆ ಬಂದವನ್ನೆಲ್ಲ ತೆರೆದು ಕೊನೆಯವರೆಗೂ ಓದುತ್ತೇನೆ. ಬಹಳಷ್ಟು ಫಾರ್ಮುಗಳ ಹಿಂದೆ ನಿಜವಾದ ಕಾಳಜಿ ಇರುವುದು ಪ್ರಶ್ನೆಗಳಲ್ಲೇ ತಿಳಿಯುತ್ತದೆ. ಕುಡಿತದಿಂದ ಕುಸಿದ ಮನೆಯನ್ನು ಹತ್ತಿರದಿಂದ ಕಂಡವರು ಮಾತ್ರ ಕೇಳಬಲ್ಲ ಪ್ರಶ್ನೆಗಳೂ ಅಲ್ಲಿರುತ್ತವೆ. ಆದರೆ ಕೆಲವು ತಿಂಗಳ ಮೇಲೆ ಅದೇ ಫಾರ್ಮಿನಿಂದ ಒಂದು ವಾಕ್ಯ ಹೊರಬೀಳುತ್ತದೆ: ಕಾಲೇಜು ಯುವಜನರಲ್ಲಿ ಶೇಕಡಾ ಇಷ್ಟು ಮಂದಿ ಮಾದಕ ವಸ್ತು ಬಳಸುತ್ತಾರೆ. ಆ ವಾಕ್ಯ ಪ್ರಬಂಧದ ಸಾರಾಂಶದಿಂದ ಸೆಮಿನಾರಿನ ಸ್ಲೈಡಿಗೆ, ಅಲ್ಲಿಂದ ಭಾಷಣಕ್ಕೆ, ಕೆಲವೊಮ್ಮೆ ಪತ್ರಿಕೆಯ ತಲೆಬರಹಕ್ಕೂ ಹೋಗುತ್ತದೆ. ಈ ಪತ್ರ ಬರೆಯುತ್ತಿರುವುದು ಆ ಒಂದು ವಾಕ್ಯಕ್ಕಾಗಿ.

ಆನ್‌ಲೈನ್ ಸಮೀಕ್ಷೆ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಹಣವಿಲ್ಲದ, ಸಮಯವಿಲ್ಲದ, ಊರೂರು ತಿರುಗಲು ಅನುಮತಿಯೂ ಸಿಗದ ವಿದ್ಯಾರ್ಥಿಗೆ ಅದು ಕೈಗೆಟುಕುವ ದಾರಿ. ಕೆಲವು ವಿಷಯಗಳಲ್ಲಿ ಅದು ಮನೆ ಬಾಗಿಲಿಗೆ ಹೋಗಿ ಕೇಳುವುದಕ್ಕಿಂತ ಒಳ್ಳೆಯ ದಾರಿಯೂ ಹೌದು. ನನ್ನ ಮಾತು ಇಷ್ಟೇ: ಯಾರು ಬೇಕಾದರೂ ತುಂಬಬಹುದಾದ ಫಾರ್ಮು, ಬಳಸುವವರು ಹೇಗೆ ಬಳಸುತ್ತಾರೆ, ಏಕೆ ಬಳಸುತ್ತಾರೆ, ಅದರಿಂದ ಅವರಿಗೇನಾಗಿದೆ ಎಂಬುದನ್ನು ಹೇಳಬಲ್ಲದು. ಎಷ್ಟು ಜನ ಬಳಸುತ್ತಾರೆ ಎಂಬುದನ್ನು ಹೇಳಲಾರದು. ನಮ್ಮ ಪ್ರಬಂಧಗಳು ಮೊದಲಿನದನ್ನು ಅರ್ಧ ಪುಟದಲ್ಲಿ ಮುಗಿಸಿ ಎರಡನೆಯದರ ಮೇಲೆ ಇಡೀ ಅಧ್ಯಾಯ ಕಟ್ಟುತ್ತಿವೆ.

2020ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಒಂದು ಆನ್‌ಲೈನ್ ಸಮೀಕ್ಷೆ ನಡೆಸಿತು. ಕೋವಿಡ್ ಭಯದಲ್ಲಿ ಜನ ಮನೆಯ ಕ್ರಿಮಿನಾಶಕಗಳನ್ನು ಹೇಗೆ ಬಳಸುತ್ತಿದ್ದಾರೆ ಎಂಬುದು ವಿಷಯ. ಉತ್ತರಿಸಿದವರು 502 ವಯಸ್ಕರು. ಅವರಲ್ಲಿ ಶೇ 39ರಷ್ಟು ಮಂದಿ ಯಾವುದಾದರೊಂದು ಅಪಾಯಕಾರಿ ಬಳಕೆಯನ್ನು ಒಪ್ಪಿಕೊಂಡರು. ಶೇ 4ರಷ್ಟು ಮಂದಿ ನೀರು ಬೆರೆಸಿದ ಬ್ಲೀಚನ್ನು ಕುಡಿದಿದ್ದೇವೆ ಅಥವಾ ಬಾಯಿ ಮುಕ್ಕಳಿಸಿದ್ದೇವೆ ಎಂದರು. ಸುದ್ದಿ ಜಗತ್ತಿನ ತುಂಬ ಹರಡಿತು. ಅಮೆರಿಕದ ವಯಸ್ಕರ ಲೆಕ್ಕಕ್ಕೆ ಶೇ 4 ಎಂದರೆ ಸುಮಾರು ಒಂದು ಕೋಟಿ ಜನ. ಆದರೆ ಆ ಒಂದು ಕೋಟಿಯ ಹಿಂದೆ ಇದ್ದದ್ದು 502ರಲ್ಲಿ ಸುಮಾರು 20 ಉತ್ತರಗಳು.

ಸಂಶೋಧಕ ಲೀಬ್ ಲಿಟ್ಮನ್ ಮತ್ತು ಸಂಗಡಿಗರು ಅಂಥದ್ದೇ ಆನ್‌ಲೈನ್ ಗುಂಪಿನ ಮೇಲೆ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. ಜೊತೆಗೆ ಕೆಲವು ತಪಾಸಣೆಯ ಪ್ರಶ್ನೆಗಳನ್ನು ಸೇರಿಸಿದರು. ಓದಿ ಅರ್ಥಮಾಡಿಕೊಂಡವರು ತಪ್ಪಲು ಸಾಧ್ಯವೇ ಇಲ್ಲದ ಸುಲಭ ಪ್ರಶ್ನೆಗಳು ಕೆಲವು. ಕಬ್ಬಿಣದಂಶಕ್ಕಾಗಿ ಕಾಂಕ್ರೀಟ್ ತಿನ್ನುತ್ತೀರಾ, ಪ್ರಾಣ ಹೋಗುವಂಥ ಹೃದಯಾಘಾತ ನಿಮಗೆ ಆಗಿದೆಯೇ ಎಂಬ ಅಸಂಭವ ಪ್ರಶ್ನೆಗಳು ಇನ್ನು ಕೆಲವು. ಬ್ಲೀಚ್ ಕುಡಿದೆ ಎಂದವರಲ್ಲಿ ನೂರಕ್ಕೆ 80ರಿಂದ 90ರಷ್ಟು ಮಂದಿ ಈ ತಪಾಸಣೆಗಳಲ್ಲಿ ಸಿಕ್ಕಿಬಿದ್ದರು. ಉಳಿದವರ ಉತ್ತರಗಳನ್ನು ಪರಿಶೀಲಿಸಿದಾಗ, ಕಣ್ಣು ಬೇರೆಲ್ಲೋ ಇಟ್ಟು ತಪ್ಪಾಗಿ ಒತ್ತಿದವರೇ ಕಂಡರು. ಕೊನೆಗೆ, ಜನ ಕ್ರಿಮಿನಾಶಕ ಕುಡಿಯುತ್ತಿದ್ದರು ಎನ್ನುವುದಕ್ಕೆ ಆ ದತ್ತಾಂಶದಲ್ಲಿ ಆಧಾರವೇ ಉಳಿಯಲಿಲ್ಲ.

ಈ ಪ್ರಸಂಗ ನಿಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಏಕೆಂದರೆ ಮಾದಕ ವಸ್ತುಗಳಲ್ಲಿ ಹಲವು, ಬ್ಲೀಚ್ ಕುಡಿಯುವುದರಂತೆಯೇ, ಕೆಲವೇ ಮಂದಿ ಮಾಡುವಂಥವು. ಸಾವಿರ ಜನ ನಿಮ್ಮ ಫಾರ್ಮು ತುಂಬಿದರು ಎಂದುಕೊಳ್ಳಿ. ಅವರಲ್ಲಿ 30 ಮಂದಿ ಓದದೆ ಒತ್ತುವವರು, ಅಥವಾ ತಮಾಷೆಗೆ ಎಲ್ಲಕ್ಕೂ ‘ಹೌದು’ ಎನ್ನುವವರು. ಕಾಫಿ ಕುಡಿಯುತ್ತೀರಾ ಎಂಬ ಪ್ರಶ್ನೆಗೆ ಆ 30 ಜನರಿಂದ ಏನೂ ಆಗುವುದಿಲ್ಲ. 700 ಇದ್ದದ್ದು 710 ಆದೀತು. ಹೆರಾಯಿನ್ ಬಳಸಿದ್ದೀರಾ ಎಂದು ಕೇಳಿ. ನಿಜವಾಗಿ ಬಳಸಿದವರು ಐವರಿದ್ದರೆ, ನಿಮ್ಮ ಪಟ್ಟಿಯಲ್ಲಿ 35 ಬರುತ್ತದೆ. ಏಳು ಪಟ್ಟು. ಆಮೇಲೆ ನೀವು ಆ 35 ಜನರ ವಯಸ್ಸು, ಕುಟುಂಬ, ಖಿನ್ನತೆಯ ಅಂಕ ಎಲ್ಲವನ್ನೂ ತಾಳೆ ನೋಡಿ ‘ಅಪಾಯದ ಅಂಶಗಳು’ ಎಂಬ ಕೋಷ್ಟಕ ಮಾಡುತ್ತೀರಿ. ಆ ಕೋಷ್ಟಕ ತಮಾಷೆ ಮಾಡಿದವರ ಚಿತ್ರವೇ ಹೊರತು ಹೆರಾಯಿನ್ ಬಳಸುವವರದ್ದಲ್ಲ.

ಅಮೆರಿಕದ ಹದಿಹರೆಯದವರ ದೊಡ್ಡ ಅಧ್ಯಯನವಾದ ‘ಆ್ಯಡ್ ಹೆಲ್ತ್’ನಲ್ಲಿ ಇದು ಬಹು ಸ್ಪಷ್ಟವಾಗಿ ಕಂಡಿತು. ಶಾಲೆಯಲ್ಲಿ ಕಾಗದದ ಪ್ರಶ್ನಾವಳಿ ತುಂಬುವಾಗ ಕೃತಕ ಕೈಕಾಲು ಇದೆ ಎಂದು ಗುರುತು ಹಾಕಿದ್ದ 253 ಮಕ್ಕಳನ್ನು ಆಮೇಲೆ ಮನೆಯಲ್ಲಿ ಭೇಟಿ ಮಾಡಿದಾಗ, ಅದು ನಿಜವಾಗಿದ್ದದ್ದು ಇಬ್ಬರಲ್ಲಿ ಮಾತ್ರ. ಸುಳ್ಳೇ ದತ್ತುಮಕ್ಕಳೆಂದು ಬರೆದವರೂ ಸಿಕ್ಕರು. ಹಾಗೆ ಬರೆದವರೇ ಕುಡಿತ, ಸಿಗರೇಟು, ಜಗಳ ಎಲ್ಲದರಲ್ಲೂ ಹೆಚ್ಚು ಗುರುತು ಹಾಕಿದ್ದರು. ಅವರನ್ನು ತೆಗೆದು ನೋಡಿದರೆ, ದತ್ತುಮಕ್ಕಳಿಗೂ ಇತರರಿಗೂ ನಡುವೆ ಇದೆ ಎಂದುಕೊಂಡಿದ್ದ ಅಂತರ ಬಹುಮಟ್ಟಿಗೆ ಕರಗಿತು. ಒಂದು ಗುಂಪಿನ ಮಕ್ಕಳ ಮೇಲೆ ಎಂಥ ಆರೋಪ ಅನ್ಯಾಯವಾಗಿ ಕೂರುತ್ತಿತ್ತು ನೋಡಿ. ಮೇಲ್ವಿಚಾರಕರು ಎದುರಿಗಿದ್ದ ತರಗತಿಯಲ್ಲಿಯೇ ಹೀಗಾದರೆ, ಯಾರೂ ಎದುರಿಗಿಲ್ಲದ ಫಾರ್ಮಿನಲ್ಲಿ ಏನಾಗಬಹುದು? ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಉದಾಹರಣೆ ಇದಕ್ಕೆ ಉತ್ತರ ಕೊಡುತ್ತದೆ. ತಾವಾಗಿ ಬಂದು ಸೇರುವ ಆನ್‌ಲೈನ್ ಸಮೀಕ್ಷೆಯಲ್ಲಿ 30ರೊಳಗಿನ ವಯಸ್ಕರಲ್ಲಿ ಶೇ 12ರಷ್ಟು ಮಂದಿ ಅಣು ಜಲಾಂತರ್ಗಾಮಿ ನಡೆಸುವ ಪರವಾನಗಿ ತಮಗಿದೆ ಎಂದಿದ್ದರು.

ಯುರೋಪಿನ ಶಾಲಾ ಮಕ್ಕಳ ನಡುವೆ 1995ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ‘ಎಸ್ಪ್ಯಾಡ್’ ಸಮೀಕ್ಷೆಯವರು ಇದಕ್ಕೆ ಒಂದು ಸರಳ ಉಪಾಯ ಇಟ್ಟುಕೊಂಡರು. ಪಟ್ಟಿಯಲ್ಲಿ ‘ರೆಲೆವಿನ್’ ಎಂಬ ಮಾದಕ ವಸ್ತುವಿನ ಹೆಸರನ್ನೂ ಸೇರಿಸಿದರು. ಅಂಥ ವಸ್ತುವೇ ಇಲ್ಲ. ಇಂಗ್ಲೆಂಡಿನ ಶಾಲಾ ಸಮೀಕ್ಷೆಯಲ್ಲಿ ಅದೇ ಕೆಲಸಕ್ಕೆ ‘ಸೆಮೆರಾನ್’ ಎಂಬ ಹೆಸರು ಬಳಕೆಯಲ್ಲಿತ್ತು. ಇಲ್ಲದ ವಸ್ತುವನ್ನು ಬಳಸಿದ್ದೇನೆ ಎನ್ನುವವರು ಎಷ್ಟಿದ್ದಾರೋ ನೋಡಿದರೆ ಉಳಿದ ಸಂಖ್ಯೆಗಳನ್ನು ಎಷ್ಟು ನಂಬಬೇಕೆಂದು ತಿಳಿಯುತ್ತದೆ. ನಿಮ್ಮ ಫಾರ್ಮಿಗೆ ಇಂಥದ್ದೊಂದು ಸಾಲು ಸೇರಿಸಲು ಖರ್ಚಿಲ್ಲ, ಹೆಚ್ಚಿನ ಅನುಮತಿಯೂ ಬೇಕಿಲ್ಲ. ಆದರೂ ನಾನು ನೋಡಿದ ಫಾರ್ಮುಗಳಲ್ಲಿ ಅದು ಕಾಣಸಿಗುವುದು ಅಪರೂಪ. ಒಂದು ಎಚ್ಚರಿಕೆ ಮಾತ್ರ: ಹೆಸರು ಯಾವ ಔಷಧಿಗೂ, ಯಾವ ಊರಿನ ಆಡುಹೆಸರಿಗೂ ಹೋಲದಂತಿರಲಿ.

ಇನ್ನು ಉತ್ತರಿಸಲು ಬಾರದವರ ವಿಷಯ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಪಾತ್ರೆಯ ಎಲ್ಲ ಅಗುಳಿಗೂ ಒಂದೇ ನೀರು, ಒಂದೇ ಉರಿ ತಾಗಿರುವುದರಿಂದ ಅದು ನಿಜ. ಜನ ಹಾಗೆ ಬೆಂದಿರುವುದಿಲ್ಲ. ಮೇಲೆ ತೇಲಿ ಬಂದ ಸಾವಿರ ಅಗುಳು ಹಿಸುಕಿದರೂ ತಳದ ಸಂಗತಿ ತಿಳಿಯದು. ‘ನನ್ನ ಮಾದರಿ ದೊಡ್ಡದು, 1,200 ಜನ’ ಎಂದು ನೀವು ಮೌಖಿಕ ಪರೀಕ್ಷೆಯಲ್ಲಿ ಹೇಳುವಾಗ ಇದು ನೆನಪಿರಲಿ. 2021ರಲ್ಲಿ ಅಮೆರಿಕದಲ್ಲಿ ಫೇಸ್‌ಬುಕ್ ಮೂಲಕ ವಾರಕ್ಕೆ ಸುಮಾರು 2.5 ಲಕ್ಷ ಜನರನ್ನು ಕೇಳುತ್ತಿದ್ದ ಸಮೀಕ್ಷೆಯೊಂದು, ಕೋವಿಡ್ ಲಸಿಕೆಯ ಮೊದಲ ಡೋಸ್ ಪಡೆದವರ ಪ್ರಮಾಣವನ್ನು ನಿಜಕ್ಕಿಂತ 17 ಅಂಶ ಹೆಚ್ಚಾಗಿ ಹೇಳಿತು. ಅದೇ ಹೊತ್ತಿಗೆ ಸುಮಾರು ಸಾವಿರ ಜನರನ್ನು ಎಚ್ಚರದಿಂದ ಆರಿಸಿ ಕೇಳಿದ ಇನ್ನೊಂದು ಸಮೀಕ್ಷೆ ನಿಜಕ್ಕೆ ಹೆಚ್ಚು ಹತ್ತಿರವಿತ್ತು. ‘ನೇಚರ್’ ಪತ್ರಿಕೆಯಲ್ಲಿ ಆ ವರ್ಷವೇ ಪ್ರಕಟವಾದ ಈ ಲೆಕ್ಕವನ್ನು ಪ್ರತಿ ಸಂಶೋಧನಾ ವಿದ್ಯಾರ್ಥಿಯೂ ಓದಬೇಕು. ಓರೆಯಾದ ಮಾದರಿ ದೊಡ್ಡದಾದಷ್ಟೂ ತಪ್ಪು ಕಡಿಮೆಯಾಗುವುದಿಲ್ಲ; ತಪ್ಪಿನ ಮೇಲಿನ ಭರವಸೆ ಹೆಚ್ಚುತ್ತದೆ.

ನಮ್ಮಲ್ಲಿ ಆ ಓರೆ ಎಲ್ಲಿಂದ ಬರುತ್ತದೆ? ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2019–21ರಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದವರು ಶೇ 33, ಪುರುಷರಲ್ಲಿ ಶೇ 57. ಈಗ ಹೆಚ್ಚಿರಬಹುದು, ಆದರೂ ಫಾರ್ಮು ಮುಟ್ಟುವವರು ಯಾರೆಂದು ಯೋಚಿಸಿ. ನಿಮ್ಮ ಸಹಪಾಠಿಗಳು, ಅವರ ಹಾಸ್ಟೆಲಿನವರು, ಅವರ ಹಳೆಯ ಕಾಲೇಜಿನ ಗುಂಪು. ಅವರಲ್ಲೂ ತುಂಬುವವರು ಎರಡು ಬಗೆ: ವಿಷಯ ತಮಗೆ ತಾಗಿದವರು, ಮತ್ತು ನಿಮ್ಮ ಮೇಲಿನ ಸ್ನೇಹಕ್ಕೆ ತುಂಬುವವರು. ಬೆಳಗಿನಿಂದ ಸಂಜೆವರೆಗೆ ಗಾರೆ ಕೆಲಸ ಮಾಡಿ ಒಂದು ನೈಂಟಿ ಹಾಕಿ ಮಲಗುವ ಕೂಲಿಕಾರ ಅಲ್ಲಿಲ್ಲ. ಬಸ್ ನಿಲ್ದಾಣದ ಹಿಂದೆ ಪಂಕ್ಚರ್ ಸೊಲ್ಯೂಷನ್ ಮೂಸುವ ಹುಡುಗ ಅಲ್ಲಿಲ್ಲ. ಅವನ ಬಳಿ ಫೋನಿದ್ದರೂ ನಿಮ್ಮ ಮೊದಲ ಪುಟದಲ್ಲೇ ‘ನನಗೆ 18 ವರ್ಷ ತುಂಬಿದೆ’ ಎಂಬ ಸಾಲು ಅವನನ್ನು ಹೊರಗಿಡುತ್ತದೆ. ಇದು ಸಣ್ಣ ಸಂಗತಿಯಲ್ಲ: ಮೂಸುವ ಮಾದಕಗಳ ಬಳಕೆ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಎಂದು ಮಾದಕ ಬಳಕೆಯ ಬಗೆಗಿನ ನಮ್ಮ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ, ಮಕ್ಕಳಲ್ಲಿ ಶೇ 1.7, ವಯಸ್ಕರಲ್ಲಿ ಶೇ 0.58. ಬೇರೆ ಯಾವ ವಸ್ತುವಿನಲ್ಲೂ ಈ ತಿರುಗುಮುರುಗು ಇರಲಿಲ್ಲ.

ಆ ಸಮೀಕ್ಷೆ ಹೇಗೆ ನಡೆಯಿತೆಂದು ಸ್ವಲ್ಪ ನಿಂತು ನೋಡುವುದು ಒಳ್ಳೆಯದು. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ಏಮ್ಸ್‌ನ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರ ಅದನ್ನು 2018ರಲ್ಲಿ ನಡೆಸಿತು. ವರದಿ 2019ರ ಫೆಬ್ರುವರಿಯಲ್ಲಿ ಬಂತು. 186 ಜಿಲ್ಲೆಗಳಲ್ಲಿ ಎರಡು ಲಕ್ಷ ಮನೆಗಳು, 4,73,569 ಜನರ ಸಂದರ್ಶನ. ಅಷ್ಟು ಮಾಡಿದ ಮೇಲೂ ಅವರು, ಮನೆ ಮನೆ ಕೇಳಿದರೆ ಹೆರಾಯಿನ್ ವ್ಯಸನಿ ಸಿಗುವುದಿಲ್ಲ, ಸಿಕ್ಕರೂ ಹೇಳುವುದಿಲ್ಲ ಎಂದು ಒಪ್ಪಿ, ಎರಡನೆಯ ದಾರಿ ಹಿಡಿದರು. ಅಕ್ರಮ ಮಾದಕಗಳಿಗೆ ಅಂಟಿಕೊಂಡ ಕೆಲವರನ್ನು ಮೊದಲು ಹುಡುಕಿ, ಅವರಿಗೆ ಎಣಿಸಿದ ಕೂಪನ್ನುಗಳನ್ನು ಕೊಟ್ಟು, ಅವರ ಮೂಲಕ ಅವರ ಪರಿಚಯದವರನ್ನು ಕರೆಸಿಕೊಂಡು, ಹೀಗೆ 70 ಸಾವಿರಕ್ಕೂ ಹೆಚ್ಚು ಜನರನ್ನು ತಲುಪಿದರು. ಇದು ಡಗ್ಲಸ್ ಹೆಕಥಾರ್ನ್ 1997ರಲ್ಲಿ ರೂಪಿಸಿದ ವಿಧಾನ. ‘ಗೆಳೆಯರಿಗೂ ಕಳಿಸಿ’ ಎಂಬ ನಿಮ್ಮ ಸಾಲಿಗೂ ಇದಕ್ಕೂ ಮೇಲುನೋಟಕ್ಕೆ ಹೋಲಿಕೆ ಕಂಡೀತು. ವ್ಯತ್ಯಾಸ ಇರುವುದು ಲೆಕ್ಕದಲ್ಲಿ: ಅಲ್ಲಿ ಒಬ್ಬರು ಎಷ್ಟು ಜನರನ್ನು ಕರೆತರಬಹುದು ಎಂಬುದಕ್ಕೆ ಮಿತಿ ಇದೆ, ಯಾರು ಯಾರನ್ನು ಕರೆತಂದರು ಎಂಬ ದಾಖಲೆ ಇದೆ, ಪ್ರತಿಯೊಬ್ಬರಿಗೂ ಎಷ್ಟು ಪರಿಚಯವಿದೆ ಎಂದು ಕೇಳಿ ಅದಕ್ಕೆ ತಕ್ಕಂತೆ ತೂಕ ಹಾಕುತ್ತಾರೆ. ನಿಮ್ಮ ಲಿಂಕು ಯಾವ ಗುಂಪಿನಿಂದ ಯಾವ ಗುಂಪಿಗೆ ಹೋಯಿತೆಂದು ನಿಮಗೇ ತಿಳಿಯದು.

ಇಷ್ಟು ಹೇಳಿದ ಮೇಲೆ ಫಾರ್ಮಿನ ಪರವಾಗಿ ಹೇಳಲೇಬೇಕಾದ ಮಾತಿದೆ, ಮತ್ತು ಅದು ಗಟ್ಟಿ ಮಾತು. ಮುಖ ನೋಡಿ ಹೇಳಲಾಗದ್ದನ್ನು ಜನ ಯಂತ್ರಕ್ಕೆ ಹೇಳುತ್ತಾರೆ. 1998ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಚಾರ್ಲ್ಸ್ ಟರ್ನರ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಅಮೆರಿಕದ 15ರಿಂದ 19 ವಯಸ್ಸಿನ ಹುಡುಗರಲ್ಲಿ ಕೆಲವರಿಗೆ ಕಾಗದದ ಪ್ರಶ್ನಾವಳಿ, ಕೆಲವರಿಗೆ ಹೆಡ್‌ಫೋನಿನಲ್ಲಿ ಪ್ರಶ್ನೆ ಕೇಳಿಸಿ ತಾವೇ ಉತ್ತರ ಒತ್ತುವ ಕಂಪ್ಯೂಟರು. ಗಂಡಸರೊಡನೆ ಲೈಂಗಿಕ ಸಂಪರ್ಕ ಇದ್ದುದಾಗಿ ಹೇಳಿದವರು ಕಾಗದದಲ್ಲಿ ಶೇ 1.5, ಕಂಪ್ಯೂಟರಿನಲ್ಲಿ ಶೇ 5.5. ಮಾದಕ ಬಳಕೆ, ಹಿಂಸೆಯ ಪ್ರಶ್ನೆಗಳಲ್ಲೂ ಇದೇ ದಿಕ್ಕು. ನಮ್ಮ ದೇಶದಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. 15 ದಾಟಿದ ಮಹಿಳೆಯರಲ್ಲಿ ಶೇ 1.3ರಷ್ಟು ಮಂದಿ ಕುಡಿಯುತ್ತಾರೆ ಎಂದು ಅದೇ ಐದನೆಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅತ್ತೆ ಒಳಮನೆಯಲ್ಲಿದ್ದು, ಮಗ ಬಾಗಿಲಲ್ಲಿ ನಿಂತಿರುವಾಗ ಕೇಳಿದ ಪ್ರಶ್ನೆಗೆ ಎಷ್ಟು ಹೆಣ್ಣುಮಕ್ಕಳು ‘ಹೌದು’ ಎಂದಾರು? ಅದೇ ಹೆಣ್ಣುಮಗಳು ಬೀಗ ಹಾಕಿದ ಕೋಣೆಯಲ್ಲಿ ತನ್ನ ಫೋನಿನಲ್ಲಿ ಹೇಳಬಹುದು. ಮನೆ ಸಮೀಕ್ಷೆ ಕಾಣದ ಸತ್ಯ ನಿಮ್ಮ ಫಾರ್ಮಿಗೆ ಕಾಣಬಹುದು.

ಆದರೆ ಆ ನಂಬಿಕೆಯನ್ನು ಫಾರ್ಮು ಉಳಿಸಿಕೊಳ್ಳುತ್ತಿದೆಯೇ? ಒಬ್ಬರು ಒಂದೇ ಸಲ ತುಂಬಲಿ ಎಂದು ನೀವು ಗೂಗಲ್ ಫಾರ್ಮಿನಲ್ಲಿ ಮಿತಿ ಹಾಕಿದರೆ, ತುಂಬುವವರು ತಮ್ಮ ಖಾತೆಯಿಂದ ಒಳಬರಬೇಕು. ಇಮೇಲ್ ನಿಮಗೆ ಬರದಿದ್ದರೂ, ಪುಟದ ಮೇಲೆ ತಮ್ಮ ವಿಳಾಸ ಕಂಡ ಕೂಡಲೇ ಗಾಂಜಾ ಸೇದಿದವರು ಕೈ ಹಿಂದೆ ತೆಗೆಯುತ್ತಾರೆ. ಅವರ ಅಂಜಿಕೆಗೆ ಕಾರಣವಿದೆ. 1985ರ ಮಾದಕ ವಸ್ತು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸೇವನೆಯೇ ಅಪರಾಧ. ಹೆರಾಯಿನ್, ಕೊಕೇನ್‌ನಂಥವಕ್ಕೆ ಒಂದು ವರ್ಷದವರೆಗೆ, ಉಳಿದವಕ್ಕೆ ಆರು ತಿಂಗಳವರೆಗೆ ಸೆರೆ. ಮಿತಿ ತೆಗೆದರೆ ಒಬ್ಬರೇ ಹತ್ತು ಸಲ ತುಂಬಬಹುದು. ಈ ಎರಡರ ನಡುವೆ ನೀವು ಯಾವುದನ್ನು ಆರಿಸಿದಿರಿ, ಏಕೆ ಆರಿಸಿದಿರಿ ಎಂಬುದನ್ನು ಪ್ರಬಂಧದಲ್ಲಿ ಬರೆಯಲೇಬೇಕು. ನನ್ನ ಅಭಿಪ್ರಾಯ ಕೇಳಿದರೆ, ಈ ವಿಷಯದಲ್ಲಿ ಹೆಸರಿಲ್ಲದಿರುವುದೇ ಮುಖ್ಯ. ನಕಲಿಗಳನ್ನು ಬೇರೆ ಬಗೆಯಿಂದ ಹಿಡಿಯಬೇಕು. ಬಹುಮಾನದ ಕೂಪನ್ ಇಟ್ಟರಂತೂ ನಕಲಿಗಳು ಕೂಡಲೇ ಬರುತ್ತವೆ, ಮನುಷ್ಯರಲ್ಲದವೂ ಬರುತ್ತವೆ. 2025ರಲ್ಲಿ ಡಾರ್ಟ್‌ಮತ್ ಕಾಲೇಜಿನ ಶಾನ್ ವೆಸ್ಟ್‌ವುಡ್, ಭಾಷಾ ಮಾದರಿಯ ಮೇಲೆ ಕಟ್ಟಿದ ಕೃತಕ ಉತ್ತರಗಾರವೊಂದು ಗಮನ ತಪಾಸಣೆಯ ಪ್ರಶ್ನೆಗಳನ್ನೆಲ್ಲ ಹೆಚ್ಚುಕಡಿಮೆ ತಪ್ಪಿಲ್ಲದೆ ದಾಟುವುದನ್ನು ತೋರಿಸಿದ್ದಾರೆ. ‘ಈ ಪ್ರಶ್ನೆಗೆ ನೀಲಿ ಎಂದು ಒತ್ತಿ’ ಎಂಬ ಹಳೆಯ ಬಲೆ ಇನ್ನು ಸಾಲದು.

ಉತ್ತರಿಸುವವರ ಭಯವನ್ನು ಮನಸ್ಸಿಗೆ ತಂದುಕೊಂಡು ರೂಪಿಸಿದ ಒಂದು ಸುಂದರ ವಿಧಾನವಿದೆ. ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಅದರ ಮೂಲ ಕಲ್ಪನೆ ಕೊಟ್ಟರು. ಅದರ ಒಂದು ಸರಳ ರೂಪ ಹೀಗೆ: ಉತ್ತರಿಸುವವರು ಯಾರಿಗೂ ತೋರಿಸದೆ ನಾಣ್ಯ ಚಿಮ್ಮಬೇಕು. ರಾಜ ಬಿದ್ದರೆ ಏನೇ ಇರಲಿ ‘ಹೌದು’ ಎನ್ನಬೇಕು; ರಾಣಿ ಬಿದ್ದರೆ ನಿಜ ಹೇಳಬೇಕು. ಸಾವಿರ ಜನರಲ್ಲಿ 560 ‘ಹೌದು’ ಬಂದರೆ, ಸುಮಾರು 500 ನಾಣ್ಯದ್ದು. ಉಳಿದ 60, ನಿಜ ಹೇಳಿದ 500 ಜನರದ್ದು. ಅಂದರೆ ಶೇ 12. ಗುಂಪಿನ ಲೆಕ್ಕ ಸಿಕ್ಕಿತು, ಆದರೆ ಯಾವ ಒಬ್ಬರ ‘ಹೌದು’ ಕೂಡ ಅವರ ವಿರುದ್ಧ ಸಾಕ್ಷಿಯಾಗುವುದಿಲ್ಲ. ನಾಣ್ಯದ ಗದ್ದಲ ಸೇರುವುದರಿಂದ ದೊಡ್ಡ ಮಾದರಿ ಬೇಕು, ಜನರಿಗೆ ವಿವರಿಸಿ ಹೇಳುವ ತಾಳ್ಮೆಯೂ ಬೇಕು. ಓರೆಯಾದ ಮಾದರಿಯನ್ನು ಇದು ನೇರ ಮಾಡುವುದಿಲ್ಲ. ಆದರೂ ಒಂದು ಕಾಲೇಜಿನ ಎಲ್ಲ ತರಗತಿಗಳಿಂದ ಚೀಟಿ ಎತ್ತಿ ಆರಿಸಿದ ವಿದ್ಯಾರ್ಥಿಗಳಿಗೆ ಇದನ್ನು ಮಾಡಿ ನೋಡಿದ ಪ್ರಬಂಧ ನಿಮ್ಮಲ್ಲಿ ಒಬ್ಬರಿಂದಾದರೂ ಬರಲಿ ಎಂದು ನನಗೆ ಬಹಳ ಆಸೆ.

ಪ್ರಶ್ನೆಯೇ ತಪ್ಪಿದ್ದರೆ ಇದೆಲ್ಲವೂ ವ್ಯರ್ಥ. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ‘ಆಡಿಟ್’ ಮಾಪನವನ್ನು ನೀವೆಲ್ಲ ಬಳಸುತ್ತೀರಿ. ಅದರ ಎರಡನೆಯ ಪ್ರಶ್ನೆ, ಕುಡಿಯುವ ದಿನ ಎಷ್ಟು ‘ಡ್ರಿಂಕ್ಸ್’ ಎಂಬುದು. ಅಲ್ಲಿ ಒಂದು ಡ್ರಿಂಕ್ ಎಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಆ ಅಳತೆಯಲ್ಲಿ ಯಾರು ಕುಡಿಯುತ್ತಾರೆ? ಕ್ವಾರ್ಟರ್ ಎನ್ನುತ್ತಾರೆ, ನೈಂಟಿ ಎನ್ನುತ್ತಾರೆ, ಒಂದು ಬಿಯರ್ ಎನ್ನುತ್ತಾರೆ. 180 ಮಿಲಿಲೀಟರಿನ ಕ್ವಾರ್ಟರ್ ವಿಸ್ಕಿಯಲ್ಲಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ತೂಕಕ್ಕೆ ತಂದರೆ ಸುಮಾರು 60 ಗ್ರಾಂ, ಅಂದರೆ ಆರು ಡ್ರಿಂಕ್. 90ರ ಪ್ಯಾಕೆಟ್ಟು ಮೂರು. ಶೇ 8ರ 650 ಮಿಲಿಲೀಟರ್ ಸ್ಟ್ರಾಂಗ್ ಬಿಯರ್ ಬಾಟಲಿ ನಾಲ್ಕು. ಕ್ವಾರ್ಟರ್ ಕುಡಿದವರು ‘ಒಂದು’ ಎಂಬ ಆಯ್ಕೆ ಒತ್ತಿದರೆ ಅವರು ನಿಮ್ಮ ಕೋಷ್ಟಕದಲ್ಲಿ ಸುರಕ್ಷಿತ ಕುಡಿಯುವವರಾಗಿ ಬೀಳುತ್ತಾರೆ. ಎದುರು ಕೂತು ಕೇಳುವವರು ‘ಅಂದರೆ ಎಷ್ಟು, ಯಾವ ಬಾಟಲಿ?’ ಎಂದು ತಿದ್ದಿಕೊಳ್ಳುತ್ತಾರೆ. ಫಾರ್ಮಿಗೆ ಆ ಬಾಯಿಲ್ಲ. ಆದ್ದರಿಂದ ಆಯ್ಕೆಗಳಲ್ಲೇ ಕ್ವಾರ್ಟರ್, ನೈಂಟಿ, ಬಾಟಲಿ ಎಂದು ಚಿತ್ರಸಹಿತ ಕೊಟ್ಟು, ಡ್ರಿಂಕಿಗೆ ಪರಿವರ್ತಿಸುವ ಕೆಲಸ ನೀವೇ ಮಾಡಿ.

ತಂಬಾಕಿನಲ್ಲೂ ಹಾಗೆಯೇ. ಬೀಡಿ, ಸಿಗರೇಟು, ಗುಟ್ಕಾ, ನಸ್ಯ, ಕಡ್ಡಿಪುಡಿ, ಎಲೆಅಡಿಕೆಯೊಳಗಿನ ಹೊಗೆಸೊಪ್ಪು ಎಲ್ಲವನ್ನೂ ಒಂದೊಂದಾಗಿ ಕೇಳದಿದ್ದರೆ, ಊಟವಾದ ಮೇಲೆ ಎಲೆ ಹಾಕುವ ಅಜ್ಜಿ ‘ನನಗೆ ಯಾವ ಚಟವೂ ಇಲ್ಲ’ ಎಂದೇ ಉತ್ತರಿಸುತ್ತಾರೆ. ಗಾಂಜಾ ಮತ್ತು ಭಂಗಿಯನ್ನು ಒಂದೇ ಸಾಲಿಗೆ ಸೇರಿಸಬೇಡಿ. ಕಾನೂನೂ ಅವನ್ನು ಬೇರೆಯಾಗಿಯೇ ನೋಡುತ್ತದೆ. ಇದಲ್ಲದೆ, ತಾವು ತೆಗೆದುಕೊಂಡದ್ದು ಏನೆಂದು ಬಳಸುವವರಿಗೇ ತಿಳಿಯದಿರಬಹುದು. ನ್ಯೂಯಾರ್ಕಿನ ಜೋಸೆಫ್ ಪಾಲಮಾರ್, ಕ್ಲಬ್ಬುಗಳಿಗೆ ಹೋಗುವ, ಎಕ್ಸ್‌ಟಸಿ ಬಳಸುವ ಯುವಜನರ ಕೂದಲನ್ನು ಪರೀಕ್ಷಿಸಿದಾಗ, ‘ಬಾತ್ ಸಾಲ್ಟ್ಸ್’ ಎಂಬ ಹೊಸ ಬಗೆಯ ರಾಸಾಯನಿಕಗಳನ್ನು ಮುಟ್ಟಿಯೇ ಇಲ್ಲ ಎಂದವರಲ್ಲಿ ಹತ್ತಕ್ಕೆ ನಾಲ್ವರ ಕೂದಲಲ್ಲಿ ಅವು ಸಿಕ್ಕವು. ಅವರು ಸುಳ್ಳು ಹೇಳಿರಬೇಕೆಂದಿಲ್ಲ; ಮಾರಿದವರು ಕೊಟ್ಟದ್ದೇ ಬೇರೆಯದಾಗಿರಬಹುದು.

ಹಾಗಾದರೆ ಫಾರ್ಮಿನಿಂದ ಏನನ್ನು ಕೇಳಬೇಕು? ಲಂಡನ್ನಿನ ಮನೋವೈದ್ಯ ಆ್ಯಡಮ್ ವಿನ್‌ಸ್ಟಾಕ್ ಕಟ್ಟಿದ ‘ಗ್ಲೋಬಲ್ ಡ್ರಗ್ ಸರ್ವೆ’ಯನ್ನು ನೋಡಿ. ಕೆಲವು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಅದನ್ನು ತುಂಬಿದ್ದಾರೆ. ಆದರೂ ಅದನ್ನು ನಡೆಸುವವರು, ಇದು ಯಾವ ದೇಶದ ಜನಸಂಖ್ಯೆಯ ಪ್ರತಿನಿಧಿಯೂ ಅಲ್ಲ, ಎಷ್ಟು ಜನ ಬಳಸುತ್ತಾರೆ ಎಂಬುದಕ್ಕೆ ಇದನ್ನು ಬಳಸಬೇಡಿ ಎಂದು ಹೇಳುತ್ತಲೇ ಬಂದಿದ್ದಾರೆ. ಯುರೋಪಿನ ಮಾದಕ ವಸ್ತು ನಿಗಾ ಸಂಸ್ಥೆ 2021ರಲ್ಲಿ 30 ದೇಶಗಳಲ್ಲಿ ನಡೆಸಿದ ವೆಬ್ ಸಮೀಕ್ಷೆಗೆ 50 ಸಾವಿರಕ್ಕೆ ಹತ್ತಿರ ವಯಸ್ಕರು ಉತ್ತರಿಸಿದರು. ಅಲ್ಲೂ ಅದೇ ಎಚ್ಚರಿಕೆ. ಇವರು ಕೇಳುವುದು ಬೇರೆ: ಹೊಸದಾಗಿ ಬಂದ ವಸ್ತು ಯಾವುದು, ಎಲ್ಲಿಂದ ಕೊಳ್ಳುತ್ತೀರಿ, ಒಂದು ಸಲಕ್ಕೆ ಎಷ್ಟು, ಯಾವುದರೊಡನೆ ಬೆರೆಸುತ್ತೀರಿ, ಯಾವಾಗ ತುರ್ತು ಚಿಕಿತ್ಸೆಗೆ ಹೋಗಬೇಕಾಯಿತು, ಬಿಡಬೇಕೆಂದು ಅನ್ನಿಸಿತೇ, ಸಹಾಯ ಏಕೆ ಕೇಳಲಿಲ್ಲ. ಮನೆ ಸಮೀಕ್ಷೆಯ ಲಕ್ಷ ಜನರಲ್ಲಿ ಬೆರಳೆಣಿಕೆಯಷ್ಟು ಸಿಗುವ ಜನ ಇಲ್ಲಿ ಸಾವಿರಾರು ಸಂಖ್ಯೆಯಲ್ಲಿ ಬಂದು ತಮ್ಮ ಅನುಭವ ಹೇಳುತ್ತಾರೆ. ಫಾರ್ಮಿನ ಬಲ ಇರುವುದು ಅಲ್ಲಿ.

‘ಎಷ್ಟು’ ಎಂಬುದನ್ನು ಅಳೆಯಲು ಜನ ಬಹಳ ದೂರ ಹೋಗಿದ್ದಾರೆ. 2005ರಲ್ಲಿ ಇಟಲಿಯ ಎಟ್ಟೋರೆ ಜುಕಾಟೊ ತಂಡ ಪೋ ನದಿಯ ನೀರನ್ನೇ ಪರೀಕ್ಷಿಸಿ, ದಿನಕ್ಕೆ ಸುಮಾರು ನಾಲ್ಕು ಕಿಲೋ ಕೊಕೇನಿಗೆ ಸಮನಾದ ಉಳಿಕೆ ಅದರಲ್ಲಿ ಹರಿಯುತ್ತಿದೆ ಎಂದು ತೋರಿಸಿತು. ಅದು ಅಧಿಕೃತ ಅಂದಾಜಿಗಿಂತ ಬಹಳ ಹೆಚ್ಚು. ನದಿ ಸೇರುವ ಚರಂಡಿ ನೀರಿಗೆ ನಾಚಿಕೆಯಿಲ್ಲ, ಭಯವಿಲ್ಲ. ಆದರೆ ಅದಕ್ಕೆ ‘ಏಕೆ’ ಎಂಬುದೂ ಗೊತ್ತಿಲ್ಲ. ಅದನ್ನು ನೀವು ಮಾತ್ರ ಕೇಳಬಲ್ಲಿರಿ.

ಸಂಖ್ಯೆಯ ಬಗ್ಗೆ ಇಷ್ಟು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ‘ಶೇ 40’ ಎಂದು ನೀವು ಬರೆದರೆ, ಯಾವುದೋ ಕಾಲೇಜು ಹಾಸ್ಟೆಲಿನ ಚೀಲಗಳನ್ನು ತಡಕಲು ಅದೇ ಆಧಾರವಾಗುತ್ತದೆ. ಎಲ್ಲರೂ ಮಾಡುತ್ತಾರಂತೆ ಎಂದು ಮೊದಲ ವರ್ಷದ ಹುಡುಗನಿಗೆ ಅದೇ ಧೈರ್ಯ ಕೊಡುತ್ತದೆ. ‘ಶೇ 2’ ಎಂದು ಬರೆದರೆ, ಚಿಕಿತ್ಸಾ ಘಟಕಕ್ಕೆ ಹಣ ಕೇಳಿದವರಿಗೆ ಅಗತ್ಯವೇ ಇಲ್ಲ ಎನ್ನಲು ಅದು ನೆಪವಾಗುತ್ತದೆ. ಎರಡೂ ನಿಮ್ಮ ಉದ್ದೇಶವಲ್ಲ ಎಂದು ನನಗೆ ಗೊತ್ತು.

ಆದ್ದರಿಂದ ಶೀರ್ಷಿಕೆಯಲ್ಲಿ ‘ಕರ್ನಾಟಕದ ಯುವಜನರಲ್ಲಿ ಮಾದಕ ಬಳಕೆಯ ಪ್ರಮಾಣ’ ಎಂದು ಇಡಬೇಡಿ; ‘ಆನ್‌ಲೈನ್ ಪ್ರಶ್ನಾವಳಿಗೆ ಉತ್ತರಿಸಿದವರಲ್ಲಿ’ ಎಂದು ಬರೆಯಿರಿ, ಉದ್ದವಾದರೂ ಪರವಾಗಿಲ್ಲ. ತಾವಾಗಿ ಬಂದವರ ಮಾದರಿಗೆ ದೋಷಮಿತಿಯ ಲೆಕ್ಕ ಹಾಕಬೇಡಿ. ಆ ಸೂತ್ರ ಚೀಟಿ ಎತ್ತಿ ಆರಿಸಿದ ಮಾದರಿಗೆ ಮಾಡಿದ್ದು. ಎಷ್ಟು ಜನ ಲಿಂಕು ತೆರೆದರು, ಎಷ್ಟು ಜನ ಶುರು ಮಾಡಿದರು, ಎಷ್ಟು ಜನ ಮುಗಿಸಿದರು, ಎಷ್ಟನ್ನು ನೀವು ತೆಗೆದುಹಾಕಿದಿರಿ, ಯಾವ ಕಾರಣಕ್ಕೆ, ಇವೆಲ್ಲ ಬರೆಯಲು 2004ರಲ್ಲಿ ಗುಂತರ್ ಐಸೆನ್‌ಬಾಕ್ ಪ್ರಕಟಿಸಿದ ‘ಚೆರೀಸ್’ ಎಂಬ ತಪಾಸಣಾ ಪಟ್ಟಿ ಇದೆ. ನಿಮ್ಮ ಗೈಡ್ ಕೇಳದಿದ್ದರೂ ಅದನ್ನು ತುಂಬಿ ಅನುಬಂಧದಲ್ಲಿ ಸೇರಿಸಿ. ದಯವಿಟ್ಟು ಗೈಡುಗಳಿಗೂ ಈ ಪತ್ರ ತೋರಿಸಿ. ‘ಸ್ಯಾಂಪಲ್ 300 ಮುಟ್ಟಿತೇ’ ಎಂಬುದು ಮೊದಲ ಪ್ರಶ್ನೆಯಾಗಿರುವವರೆಗೆ ವಿದ್ಯಾರ್ಥಿಗಳು ಲಿಂಕು ಹಂಚುತ್ತಲೇ ಇರುತ್ತಾರೆ.

ಮತ್ತೊಂದು ಸಂಗತಿ, ಇದು ವಿಧಾನದ್ದಲ್ಲ. ಕುಡಿತಕ್ಕೆ ಅಂಟಿಕೊಂಡವರಲ್ಲಿ 38ಕ್ಕೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದಾರೆ ಎಂದು ಏಮ್ಸ್‌ನ ಆ 2019ರ ವರದಿ ಹೇಳುತ್ತದೆ. ಉಳಿದ 37 ಜನರಲ್ಲಿ ಒಬ್ಬರು ಇಂದು ರಾತ್ರಿ ನಿಮ್ಮ ಫಾರ್ಮು ತುಂಬುತ್ತಿರಬಹುದು. ‘ಕಳೆದ ವರ್ಷದಲ್ಲಿ ಕುಡಿಯುವುದನ್ನು ನಿಲ್ಲಿಸಲಾಗದೆ ಹೋದದ್ದುಂಟೆ?’ ಎಂಬ ನಿಮ್ಮ ಪ್ರಶ್ನೆಗೆ ಅವರು ಮೊದಲ ಸಲ ಯಾರಿಗಾದರೂ ‘ಹೌದು’ ಎಂದಿರಬಹುದು. ಅವರಿಗೆ ‘ನಿಮ್ಮ ಉತ್ತರ ದಾಖಲಾಗಿದೆ’ ಎಂಬ ಸಾಲಷ್ಟೇ ಕಾಣಿಸಿ ಪುಟ ಮುಚ್ಚಿಕೊಳ್ಳಬಾರದು. ಆ ಕೊನೆಯ ಸಂದೇಶವನ್ನು ಗೂಗಲ್ ಫಾರ್ಮಿನ ಸೆಟ್ಟಿಂಗ್ಸಿನಲ್ಲಿ ನೀವೇ ಬದಲಿಸಬಹುದು. ಟೆಲಿ ಮಾನಸ್ ಸಹಾಯವಾಣಿ 14416, ವ್ಯಸನ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446, ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದ ವಿಳಾಸ, ಈ ಮೂರನ್ನೂ ಕನ್ನಡದಲ್ಲಿ ಅಲ್ಲಿ ಬರೆಯಿರಿ. ಈಗಾಗಲೇ ಲಿಂಕು ಹಂಚಿದ್ದರೂ ಬದಲಿಸಲು ಬರುತ್ತದೆ, ಇಂದೇ ಬದಲಿಸಿ.

ಇತಿ,
ನಿಮ್ಮ ಪ್ರಬಂಧಗಳನ್ನು ಓದುವ ಒಬ್ಬ ಹಿತೈಷಿ